ಹರಿವಿಗೆ ಕಾಂತದ ಕಡಿವಾಣ

ಘೋಡಗೇರಿಯ ಸೀಮೆಯವರಿಗೆ ಗೋಕಾಕದ ಜಲಪಾತ ಹೊಸದಲ್ಲ. ಮಳೆಗಾಲದಲ್ಲಿ ಘಟಪ್ರಭೆ ಕೆಂಪಗೆ ತುಂಬಿ ಬಂದು ಸುಮಾರು 170 ಅಡಿ ಕೆಳಕ್ಕೆ ಧುಮುಕುವುದನ್ನು ನೀವು ಕಂಡಿರುವಿರಷ್ಟೆ. ಅಂಥ ಓಟವನ್ನು ತಡೆಯಲು ಬಂಡೆ ಬೇಕು, ಇಲ್ಲವೆ ಒಡ್ಡು ಬೇಕು. ಕಣ್ಣಿಗೆ ಕಾಣದ ಕಾಂತವೂ ಹರಿವಿಗೆ ಕಡಿವಾಣ ಹಾಕಬಲ್ಲುದೆಂದರೆ ನಂಬುವಿರಾ?

ಈ ಕಥೆ ಮೊದಲಾಗುವುದು ಒಂದು ಸೋಲಿನಿಂದ. ಕಾಂತದ ಬಳಿ ತಂತಿ ಚಲಿಸಿದರೆ ವಿದ್ಯುತ್ತು ಹುಟ್ಟುವುದೆಂದು ಮೈಕೆಲ್ ಫ್ಯಾರಡೆಯವರು 1831ರಲ್ಲಿ ತೋರಿಸಿದರು. ಭೂಮಿಯೇ ಒಂದು ಕಾಂತ. ಹಾಗಾದರೆ ಹರಿಯುವ ನದಿಯಲ್ಲಿಯೂ ವಿದ್ಯುತ್ತು ಹುಟ್ಟಬೇಡವೆ? 1832ರ ಜನವರಿಯಲ್ಲಿ ಅವರು ಲಂಡನ್ನಿನ ವಾಟರ್ಲೂ ಸೇತುವೆಯ ಮೇಲೆ 960 ಅಡಿ ತಾಮ್ರದ ತಂತಿ ಎಳೆಸಿ, ಅದಕ್ಕೆ ಸೇರಿಸಿದ ಫಲಕಗಳನ್ನು ಥೇಮ್ಸ್ ನದಿಗೆ ಇಳಿಬಿಟ್ಟರು. ಸೂಜಿಯೇನೋ ಅಲುಗಿತು, ಆದರೆ ನೀರಿನಲ್ಲಿ ಫಲಕಗಳೇ ಹುಟ್ಟಿಸಿದ ವಿದ್ಯುತ್ತಿನ ಗದ್ದಲದಲ್ಲಿ ನದಿಯ ದನಿ ಕೇಳಿಸಲಿಲ್ಲ. ವಿಚಾರ ಸರಿಯಾಗಿತ್ತು, ಭೂಮಿಯ ಕಾಂತ ತೀರ ಬಡಕಲಾಗಿತ್ತು.

ನೂರೈದು ವರ್ಷಗಳ ತರುವಾಯ, 1937ರಲ್ಲಿ, ಡೆನ್ಮಾರ್ಕಿನ ಯೂಲಿಯಸ್ ಹಾರ್ಟ್‌ಮನ್ನರು ನೀರಿನ ಬದಲು ಪಾದರಸವನ್ನು ಬಲವಾದ ಕಾಂತದ ನಡುವೆ ಹರಿಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಹರಿವ ಲೋಹದಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತನ್ನು ಹಿಡಿದು ಕಾಂತವು ಹರಿವನ್ನೇ ಹಿಂದಕ್ಕೆ ನೂಕುತ್ತದೆ. ಕಾಲುವೆಯ ನೀರು ನಡುವೆ ಚುರುಕು, ದಡದಲ್ಲಿ ನಿಧಾನ. ಇಲ್ಲಿ ಹಾಗಲ್ಲ: ನಡುಭಾಗವೆಲ್ಲ ಒಂದೇ ವೇಗ, ಗೋಡೆಗೆ ಅಂಟಿದ ತೆಳು ಪದರದಲ್ಲಷ್ಟೇ ವೇಗ ಇಳಿಯುತ್ತದೆ. ಸುಳಿಗಳೂ ಅಡಗುತ್ತವೆ. ಈ ಶಾಸ್ತ್ರದ ಗಣಿತದಲ್ಲಿ ನಮ್ಮ ಬೆಂಗಳೂರು ವಿಶ್ವವಿದ್ಯಾನಿಲಯದ ಎನ್. ರುದ್ರಯ್ಯನವರು ಬಹುಕಾಲ ದುಡಿದರು.

ಇದರಿಂದ ನಮಗೇನು ಎನ್ನುವಿರೊ? ಸೂರ್ಯನಂತೆ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯಲು ದಕ್ಷಿಣ ಫ್ರಾನ್ಸಿನಲ್ಲಿ ಐಟರ್ ಎಂಬ ಯಂತ್ರ ಕಟ್ಟಲಾಗುತ್ತಿದೆ. 2006ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಏಳು ಪಾಲುದಾರರಲ್ಲಿ ಭಾರತವೂ ಒಂದು. ಇಂಥ ಒಲೆಗೆ ಬೇಕಾದ ಟ್ರಿಟಿಯಮ್ ನಿಸರ್ಗದಲ್ಲಿ ಸಿಗುವುದು ಅತ್ಯಲ್ಪ. ಲಿಥಿಯಮ್ಮಿಗೆ ನ್ಯೂಟ್ರಾನುಗಳು ಬಡಿದಾಗ ಅದು ಹುಟ್ಟುತ್ತದೆ. ಆದುದರಿಂದ ಸುಮಾರು 235 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವ ಸೀಸ-ಲಿಥಿಯಮ್ ಮಿಶ್ರಲೋಹವನ್ನು ಒಲೆಯ ಸುತ್ತ ಹರಿಸುವ ಯೋಚನೆಯಿದೆ. ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ನಮ್ಮ ವಿಜ್ಞಾನಿಗಳು ಇದರ ಮೇಲೆ ಕೆಲಸ ಮಾಡಿದ್ದಾರೆ.

ತೊಡಕು ಇಲ್ಲಿಯೇ ಇದೆ. ಐಟರಿನ ಉರಿಯ ನಡುಭಾಗದಲ್ಲಿ ಕಾಂತದ ಬಲ 5.3 ಟೆಸ್ಲಾ, ನಮ್ಮ ನಾಡಿನಲ್ಲಿ ಭೂಮಿಯ ಕಾಂತದ ಒಂದು ಲಕ್ಷ ಪಟ್ಟಿಗೂ ಮಿಗಿಲು. ಕೊಳವೆಯೂ ಲೋಹದ್ದಾದರೆ ವಿದ್ಯುತ್ತಿಗೆ ಸುಲಭದ ದಾರಿ ಸಿಕ್ಕಿ ತಡೆ ಇನ್ನೂ ಹೆಚ್ಚುತ್ತದೆ. ಪಂಪೇ ಶಕ್ತಿಯನ್ನು ನುಂಗಿದರೆ ಒಲೆ ಹಚ್ಚಿ ಫಲವೇನು? ಸುಳಿಗಳಿಲ್ಲದೆ ಶಾಖವೂ ಚೆನ್ನಾಗಿ ಬೆರೆಯದು. ಅದಕ್ಕೆಂದೇ ಕೊಳವೆಯ ಒಳಗೆ ವಿದ್ಯುತ್ತು ಹರಿಯಗೊಡದ ಪಿಂಗಾಣಿಯಂಥ ಲೇಪ ಕೊಡುವ ಯತ್ನ ನಡೆದಿದೆ. ಬಿಸಿ ಲೋಹದ ಉಜ್ಜಾಟದಲ್ಲಿ ಆ ಲೇಪ ಬಿರುಕುಬಿಡದೆ ವರುಷಗಟ್ಟಲೆ ಬಾಳಬೇಕು.

ಇನ್ನೊಮ್ಮೆ ಗೋಕಾಕದ ತೂಗುಸೇತುವೆಯ ಮೇಲೆ ನಿಂತಾಗ ಕೆಳಗಿನ ಹೊಳೆಯನ್ನು ನೋಡಿರಿ. ಫ್ಯಾರಡೆಯವರು ಹುಡುಕಿ ಸೋತ ಆ ವಿದ್ಯುತ್ತು, ಅಣುಮಾತ್ರವಾಗಿ, ಘಟಪ್ರಭೆಯಲ್ಲಿಯೂ ಉಂಟು.