ಆಗಸ್ಟ್ 2ರಂದು ಇಡೀ ಜಗತ್ತಿಗೆ 6 ನಿಮಿಷ ಕತ್ತಲೆಯೇ? ಖಗ್ರಾಸ ಗ್ರಹಣ ಎಲ್ಲಿ, ಯಾವಾಗ ಕಾಣುತ್ತದೆ

“ಆಗಸ್ಟ್ 2ರಂದು ಇಡೀ ಭೂಮಿ 6 ನಿಮಿಷ ಕತ್ತಲಲ್ಲಿ ಮುಳುಗಲಿದೆ, ಇನ್ನು 100 ವರ್ಷ ಹೀಗಾಗುವುದಿಲ್ಲ” ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. 2025ರಲ್ಲಿ ಇದು ಭಾರಿ ಹರಿದಾಡಿತ್ತು. ಆ ದಿನ ಬಂತು, ಹೋಯಿತು. ಯಾವ ಗ್ರಹಣವೂ ಆಗಲಿಲ್ಲ.

ಹಾಗಂತ ಸುದ್ದಿ ಪೂರ್ತಿ ಸುಳ್ಳಲ್ಲ. ದಿನ, ತಿಂಗಳು ಸರಿ, ವರ್ಷ ತಪ್ಪು. ಗ್ರಹಣ ಇರುವುದು 2027ರ ಆಗಸ್ಟ್ 2, ಸೋಮವಾರ. ಆದರೆ ‘ಇಡೀ ಭೂಮಿ’ ಎಂಬ ಮಾತು ಯಾವ ವರ್ಷಕ್ಕೂ ಸರಿಯಾಗದು. ಚಂದ್ರ ಭೂಮಿಗಿಂತ ಬಹಳ ಚಿಕ್ಕವನು. ಅವನ ಗಾಢ ನೆರಳು ನಮ್ಮನ್ನು ತಲುಪುವಷ್ಟರಲ್ಲಿ ಮೊನಚಾಗಿ, ನೆಲದ ಮೇಲೆ ಒಂದು ಕಿರಿದಾದ ಪಟ್ಟಿಯಂತೆ ಸಾಗುತ್ತದೆ. 2027ರಲ್ಲಿ ಆ ಪಟ್ಟಿಯ ಗರಿಷ್ಠ ಅಗಲ ಸುಮಾರು 258 ಕಿಲೋಮೀಟರ್. ಅದರೊಳಗೆ ನಿಂತವರಿಗೆ ಮಾತ್ರ ಖಗ್ರಾಸ. ಆಚೆ ಇದ್ದವರಿಗೆ ಪಾರ್ಶ್ವ ಗ್ರಹಣ, ಇನ್ನೂ ದೂರದವರಿಗೆ ಏನೂ ಇಲ್ಲ.

ಪಟ್ಟಿ ದಕ್ಷಿಣ ಸ್ಪೇನ್, ಮೊರಾಕೊ, ಅಲ್ಜೀರಿಯಾ, ಟುನೀಷಿಯಾ, ಲಿಬಿಯಾ, ಈಜಿಪ್ಟ್, ಸೌದಿ ಅರೇಬಿಯಾ, ಯೆಮನ್, ಸೊಮಾಲಿಯಾ ದಾಟಿ ಹಿಂದೂ ಮಹಾಸಾಗರದಲ್ಲಿ ಮುಗಿಯುತ್ತದೆ. ಅತಿ ದೀರ್ಘ ಕತ್ತಲು ಈಜಿಪ್ಟಿನ ಲಕ್ಸರ್ ಬಳಿ: 6 ನಿಮಿಷ 23 ಸೆಕೆಂಡ್. ಆ ಹೊತ್ತಿಗೆ ಚಂದ್ರ ಭೂಮಿಗೆ ಹತ್ತಿರವಿದ್ದು ದೊಡ್ಡದಾಗಿಯೂ, ಸೂರ್ಯ ದೂರವಿದ್ದು ತುಸು ಚಿಕ್ಕದಾಗಿಯೂ ಕಾಣುವುದೇ ಇದಕ್ಕೆ ಮುಖ್ಯ ಕಾರಣ. ‘100 ವರ್ಷ’ದ ಮಾತಿನಲ್ಲೂ ಒಂದು ಎಳೆ ನಿಜವಿದೆ: ಇದಕ್ಕಿಂತ ದೀರ್ಘವಾದ ಖಗ್ರಾಸ ಬರುವುದು 2114ರಲ್ಲಿ. ಚಿಕ್ಕವು ನಡುವೆ ಬೇಕಾದಷ್ಟಿವೆ.

ಕರಾವಳಿಯ ಎಷ್ಟೋ ಮನೆಗಳವರು ಕೊಲ್ಲಿಯಲ್ಲಿದ್ದಾರೆ. ಜೆದ್ದಾ, ಮೆಕ್ಕಾದಲ್ಲಿರುವವರಿಗೆ ಖಗ್ರಾಸ ಕಾಣುತ್ತದೆ. ರಿಯಾದ್, ದುಬೈನವರಿಗೆ ಇಲ್ಲ, ಪಾರ್ಶ್ವ ಮಾತ್ರ.

ನಮ್ಮಲ್ಲಿ? ಕರ್ನಾಟಕದಲ್ಲೂ ಪಾರ್ಶ್ವವೇ, ಅದೂ ಇಳಿಹೊತ್ತಿನಲ್ಲಿ, ಮಳೆಮೋಡ ಬಿಟ್ಟುಕೊಟ್ಟರೆ. ನಮ್ಮ ರಾಜ್ಯದ ಮೇಲೆ ಖಗ್ರಾಸದ ನೆರಳು ಹಾದದ್ದು 1980ರ ಫೆಬ್ರವರಿ 16ರಂದು. ಅಂಕೋಲಾ, ಹುಬ್ಬಳ್ಳಿ, ರಾಯಚೂರು ಕಡೆಯ ಹಿರಿಯರಿಗೆ ನೆನಪಿರಬಹುದು. “ಮೊನ್ನೆ 2019ರಲ್ಲಿ ಮಂಗಳೂರಲ್ಲಿ ನೋಡಿದೆವಲ್ಲ” ಎನ್ನುವವರಿದ್ದಾರೆ. ಅದು ಕಂಕಣ ಗ್ರಹಣ, ಸೂರ್ಯನ ಅಂಚು ಬಳೆಯಂತೆ ಉಳಿದಿತ್ತು. ಭಾರತದ ನೆಲದಲ್ಲಿ ಮುಂದಿನ ಖಗ್ರಾಸ 2034ರ ಮಾರ್ಚ್ 20ರಂದು, ಕಾರ್ಗಿಲ್, ಲಡಾಖ್ ಭಾಗದಲ್ಲಿ.

ನಮಗೆ ಆತಂಕ ತರಿಸಿದ್ದು ತಾರೀಖಿನ ತಪ್ಪಲ್ಲ. “ಕತ್ತಲಾದಾಗ ಬರಿಗಣ್ಣಿನಲ್ಲಿ ನೋಡಬಹುದು” ಎಂಬ ಸಲಹೆಯೂ ಇಂಥ ಸಂದೇಶಗಳ ಜೊತೆ ಓಡಾಡುತ್ತದೆ. ಲಕ್ಸರ್‌ನಲ್ಲಿ ಆ ಆರು ನಿಮಿಷಕ್ಕೆ ಅದು ಸರಿ. ಕರ್ನಾಟಕದಲ್ಲಿ ಅಂದು ಸೂರ್ಯ ಪೂರ್ತಿ ಮುಚ್ಚುವುದೇ ಇಲ್ಲ, ಹಾಗಾಗಿ ಗ್ರಹಣದ ಕನ್ನಡಕ ತೆಗೆಯುವ ಕ್ಷಣವೂ ಇಲ್ಲ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು, ಕೂಲಿಂಗ್ ಗ್ಲಾಸ್ ಯಾವುದೂ ಸಾಲದು. ರೆಟಿನಾ ಸುಡುವಾಗ ನೋವೇ ಆಗುವುದಿಲ್ಲ. ಕನ್ನಡಕ ಸಿಗದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ, ರಟ್ಟಿನಲ್ಲಿ ಸೂಜಿತೂತು ಮಾಡಿ ಬೆಳಕನ್ನು ಗೋಡೆಗೆ ಬಿಡಿ. ಮರದಡಿ ನಿಂತರೆ ಅದೂ ಬೇಡ, ಎಲೆಗಳ ಸಂದಿನಿಂದ ನೆಲದ ತುಂಬ ಕಚ್ಚಿದ ಸೂರ್ಯರು ಬಿದ್ದಿರುತ್ತಾರೆ.