ಧಾತುವಿನಿಂದ ಬೇರ್ಪಟ್ಟ ಉಪಸರ್ಗ

ಇಂಗ್ಲೀಷು ಓದಿದ ನಮ್ಮವರಿಗೆ ‘ಸರೆಂಡರ್’ ಎಂಬ ಫ್ರೆಂಚ್ ಮೂಲದ ಪದ ಸುಲಭವಾಗಿ ಒದಗುತ್ತದೆ. ಆ ಅರ್ಥದಲ್ಲಿಯೇ ಇಂಗ್ಲೆಂಡಿನ ಮಕ್ಕಳೂ ಆಡುವ ‘ಗಿವ್ ಅಪ್’ ಎಂಬುದು ಮಾತ್ರ ನಾಲಗೆಗೆ ಬರಲು ಅನುಮಾನಿಸುತ್ತದೆ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಎರಡೂ ಸೇರಿ ‘ಬಿಟ್ಟುಕೊಡು’ ಎಂದು ಹೇಗಾಯಿತೆಂದು ಕೇಳಿದ ವಿದ್ಯಾರ್ಥಿಗಳಿಗೆ, “ಅದು ರೂಢಿ, ಬಾಯಿಪಾಠ ಮಾಡಿ” ಎಂದು ನಾನೂ ಬಹುಕಾಲ ಹೇಳುತ್ತಿದ್ದೆ. ಅದು ಉತ್ತರವಲ್ಲ, ಉತ್ತರವನ್ನು ತಪ್ಪಿಸಿಕೊಳ್ಳುವ ಉಪಾಯ.

ಸಂಸ್ಕೃತ ಬಲ್ಲವರಿಗೆ ಈ ವಿಷಯ ಹೊಸದೇನಲ್ಲ. ‘ಹೃ’ ಎಂಬ ಒಂದೇ ಧಾತು ಉಪಸರ್ಗದ ಬಲದಿಂದ ಪ್ರಹಾರ, ಆಹಾರ, ವಿಹಾರ, ಸಂಹಾರಗಳಾಗುತ್ತದೆ. ಹಳೆಯ ಇಂಗ್ಲೀಷಿನಲ್ಲಿಯೂ ಉಪಸರ್ಗಗಳು ಹೀಗೆಯೇ ಧಾತುವಿನ ತಲೆಗೆ ಅಂಟಿಕೊಳ್ಳುತ್ತಿದ್ದವು. ‘ವಿತ್‌ಸ್ಟ್ಯಾಂಡ್’ ಆ ಕಾಲದ ಉಳಿಕೆ. ಆಗ ‘ವಿತ್’ ಎಂಬುದಕ್ಕೆ ‘ಎದುರಾಗಿ’ ಎಂದು ಅರ್ಥ. ಎದುರಾಗಿ ನಿಲ್ಲುವುದೇ ತಡೆದುಕೊಳ್ಳುವುದು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆ, ನ್ಯಾಯಸ್ಥಾನಗಳ ಭಾಷೆ ಫ್ರೆಂಚಾಯಿತು. ಒತ್ತಿಲ್ಲದ ಹಳೆಯ ಉಪಸರ್ಗಗಳು ಸವೆದುಹೋದವು. ಅವುಗಳ ಕೆಲಸವನ್ನು ಕ್ರಿಯಾಪದದ ಹಿಂದೆ ಬಿಡಿಯಾಗಿ ನಿಲ್ಲುವ ಅಪ್, ಔಟ್, ಆಫ್‌ಗಳು ವಹಿಸಿಕೊಂಡವು. ಡೇನರ ಭಾಷೆಯ ಸಂಪರ್ಕವೂ ಇದಕ್ಕೆ ನೆರವಾಯಿತೆಂದು ಕೆಲವು ವಿದ್ವಾಂಸರ ಮತ. 1154ಕ್ಕೆ ನಿಂತುಹೋದ ಪೀಟರ್‌ಬರೋ ಮಠದ ವೃತ್ತಾಂತದಲ್ಲಿ, 1137ನೆಯ ವರ್ಷದ ಬರಹದೊಳಗೆ, ದೊರೆ ಸ್ಟೀಫನ್ ಇಬ್ಬರು ಬಿಷಪ್ಪರನ್ನು ಸೆರೆಯಲ್ಲಿಟ್ಟು ಅವರ ಕೋಟೆಗಳನ್ನು ಕಿತ್ತುಕೊಂಡ ಸಂಗತಿಯಿದೆ. ಅಲ್ಲಿ ಸನ್ಯಾಸಿಯ ಲೇಖನಿಯಿಂದ ಬಂದಿರುವ ಕ್ರಿಯಾಪದ ‘ಗಿವ್ ಅಪ್’ ಎಂಬುದೇ! ಕೋಟೆಯನ್ನು ಕಳೆದುಕೊಂಡವರು ದೊಡ್ಡವರಾದರೂ, ಮಾತು ನೆಲದ ಜನರದು.

‘ಅಪ್’ ಎಂಬುದು ಮೇಲಿನ ದಿಕ್ಕನ್ನು ಮರೆತು ‘ಪೂರ್ತಿಯಾಗಿ’ ಎಂಬ ಅರ್ಥವನ್ನು ತಾಳಿದುದೇ ಇದರ ಮರ್ಮ. ‘ಡ್ರಿಂಕ್ ಅಪ್’ ಎಂದರೆ ‘ಕುಡಿದುಬಿಡು’. ಕನ್ನಡದ ‘ಬಿಡು’ ಇಲ್ಲಿ ಏನನ್ನೂ ಬಿಡುವುದಿಲ್ಲವಷ್ಟೆ. ಅಲ್ಲಿನ ‘ಅಪ್’ ಕೂಡ ಹಾಗೆಯೇ ಏನನ್ನೂ ಮೇಲಕ್ಕೆತ್ತುವುದಿಲ್ಲ.

ಇನ್ನೊಂದು ಸ್ವಾರಸ್ಯವುಂಟು. ಉಪಸರ್ಗಗಳು ಧಾತುವಿಗೆ ಮುಂಚೆ ಬರತಕ್ಕವೆಂದು ವಿಧಿಸಿದ ಪಾಣಿನಿ, ವೇದಭಾಷೆಯಲ್ಲಿ ಅವು ಧಾತುವಿನ ನಂತರವೂ, ನಡುವೆ ಬೇರೆ ಪದವಿರುವಾಗಲೂ ಬರುತ್ತವೆಂದು ಹೇಳಿದ್ದಾನೆ. ‘ಟೇಕ್ ಆಫ್ ದಿ ಹ್ಯಾಟ್’ ಎಂದೂ ‘ಟೇಕ್ ದಿ ಹ್ಯಾಟ್ ಆಫ್’ ಎಂದೂ ಹೇಳುವ ಇಂಗ್ಲೀಷಿನವನು ಆ ಸ್ವಾತಂತ್ರ್ಯವನ್ನು ಅನುಭವಿಸುತ್ತಿದ್ದಾನೆ. ಸಂಸ್ಕೃತ ಬಿಡಿಯಿಂದ ಬಿಗಿಗೆ ನಡೆಯಿತು. ಇಂಗ್ಲೀಷು ಬಿಗಿಯಿಂದ ಬಿಡಿಗೆ.

ಪಂಡಿತರು ಇಂತಹ ಮಾತುಗಳನ್ನು ಗ್ರಾಮ್ಯವೆಂದು ಕಡೆಗಣಿಸುವುದುಂಟು. ಡಾಕ್ಟರ್ ಜಾನ್ಸನ್ ಹಾಗೆ ಮಾಡಲಿಲ್ಲ. ಪರದೇಶದವರಿಗೆ ಅತ್ಯಂತ ಕಷ್ಟವಾದದ್ದು ಇದೇ ಎಂದು 1755ರ ತನ್ನ ನಿಘಂಟಿನ ಪೀಠಿಕೆಯಲ್ಲಿ ಒಪ್ಪಿಕೊಂಡು, ಇವನ್ನು ಶ್ರದ್ಧೆಯಿಂದ ಗುರುತಿಸಿದನು. ಆದರೂ ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ನಾಮಕರಣವಾದದ್ದು ಬಹಳ ತಡವಾಗಿ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕನಾಗಿದ್ದ ಹೆನ್ರಿ ಬ್ರಾಡ್ಲೆ ಸೂಚಿಸಿದ ಆ ಹೆಸರನ್ನು ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ಗ್ರಂಥಕ್ಕಿಳಿಸಿದನು. ಪೀಟರ್‌ಬರೋದ ಸನ್ಯಾಸಿ ಲೇಖನಿಯನ್ನು ಕೆಳಗಿಟ್ಟು ಆಗ್ಗೆ 770 ವರ್ಷಗಳು ಕಳೆದಿದ್ದವು.