ಕೈಗಳು ಸವೆಸಿದ ಫಲಕ: ಹಳೆಯ ಆರ್ಕೇಡ್ ಯಂತ್ರಗಳ ಕಂಟ್ರೋಲ್ ಪ್ಯಾನೆಲ್ ಉಳಿಸುವ ಕೆಲಸ ಬೆಳೆದು ಬಂದ ಬಗೆ

ಆರ್ಕೇಡ್ ಯಂತ್ರದ ಒಳಗಿನ ಸರ್ಕ್ಯೂಟ್ ಬೋರ್ಡನ್ನು ಆಟಗಾರ ಎಂದೂ ಕಂಡವನಲ್ಲ. ಪರದೆಗೂ ಅವನಿಗೂ ನಡುವೆ ಗಾಜಿತ್ತು. ನೇರವಾಗಿ ಕೈಗೆ ಸಿಗುತ್ತಿದ್ದದ್ದು ಸೊಂಟದ ಎತ್ತರದ ಕಂಟ್ರೋಲ್ ಪ್ಯಾನೆಲ್ ಮಾತ್ರ. ಬೆವರು, ಚೆಲ್ಲಿದ ಸೋಡಾ, ಅಂಚಿನಲ್ಲಿಟ್ಟು ಮರೆತ ಸಿಗರೇಟು, ಸೋತ ಸಿಟ್ಟಿನ ಗುದ್ದು ಎಲ್ಲವನ್ನೂ ತಾಳಿಕೊಂಡದ್ದು ಅದೇ. ಹಾಗಾಗಿ ಯಂತ್ರದಲ್ಲಿ ಮೊದಲು ಕೆಡುವುದೂ ಅದೇ, ಹಳೆಯ ಯಂತ್ರಗಳನ್ನು ಉಳಿಸಲು ಹೊರಟವರ ನಡುವೆ ಹೆಚ್ಚು ವಾದ ಎಬ್ಬಿಸುವುದೂ ಅದೇ. ಐದು ದಶಕಗಳಲ್ಲಿ ಈ ಕೆಲಸದ ಗುರಿ ಬದಲಾಗುತ್ತ ಬಂದಿದೆ. ಮೊದಮೊದಲು ನಾಣ್ಯ ಬೀಳುತ್ತಲೇ ಇರಬೇಕು ಎಂಬುದಷ್ಟೇ ಗುರಿ. ಆಮೇಲೆ ಫಲಕ ಹೊಸದರಂತೆ ಹೊಳೆಯಬೇಕೆಂಬ ಹಂಬಲ ಹುಟ್ಟಿತು. ಸ್ಟಿಕ್ ಹಿಡಿದಾಗ, ಗುಂಡಿ ಒತ್ತಿದಾಗ ಅಂದಿನ ಆಟಗಾರನ ಕೈಗೆ ಆಗುತ್ತಿದ್ದ ಅನುಭವವೇ ಮರಳಿ ಬರಬೇಕು ಎಂಬ ಕಾಳಜಿ ಬಂದದ್ದು ಎಲ್ಲಕ್ಕಿಂತ ತಡವಾಗಿ. ನನ್ನ ಮಟ್ಟಿಗೆ ಮೊದಲು ಬರಬೇಕಿದ್ದದ್ದೇ ಅದು.

ಫಲಕ ಎಷ್ಟು ಮುಖ್ಯ ಎಂಬ ಪಾಠ ಈ ಉದ್ಯಮಕ್ಕೆ ಹುಟ್ಟಿನಲ್ಲೇ ಸಿಕ್ಕಿತ್ತು. ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ರೂಪಿಸಿ, ನಟಿಂಗ್ ಅಸೋಸಿಯೇಟ್ಸ್ 1971ರಲ್ಲಿ ಮಾರುಕಟ್ಟೆಗೆ ತಂದ ‘ಕಂಪ್ಯೂಟರ್ ಸ್ಪೇಸ್’ ಯಂತ್ರದ ಮೇಲೆ ಎಡಕ್ಕೆ ತಿರುಗಿಸಲು, ಬಲಕ್ಕೆ ತಿರುಗಿಸಲು, ಮುಂದೆ ನುಗ್ಗಲು, ಗುಂಡು ಹಾರಿಸಲು ಬೇರೆ ಬೇರೆ ಗುಂಡಿಗಳಿದ್ದವು. ಸಂಜೆ ಬಾರಿಗೆ ಬಂದವರಿಗೆ ಅದು ತಲೆಗೆ ಹತ್ತಲಿಲ್ಲ. ಮರುವರ್ಷ ಅಟಾರಿಯಲ್ಲಿ ಆಲ್ ಆಲ್ಕಾರ್ನ್ ಕಟ್ಟಿದ ‘ಪಾಂಗ್’ನಲ್ಲಿ ಒಬ್ಬ ಆಟಗಾರನಿಗೆ ಒಂದೇ ತಿರುಪು ಗುಂಡಿ. ಕ್ಯಾಲಿಫೋರ್ನಿಯಾದ ಸನಿವೇಲ್‌ನ ಆ್ಯಂಡಿ ಕ್ಯಾಪ್ಸ್ ಟ್ಯಾವರ್ನ್‌ನಲ್ಲಿ ಇಟ್ಟಿದ್ದ ಮೊದಲ ಯಂತ್ರ ನಾಣ್ಯದ ಡಬ್ಬಿ ತುಂಬಿ ಕೆಲಸ ನಿಲ್ಲಿಸಿತು.

1979ರಿಂದ 1983ರವರೆಗಿನ ಕಾಲದಲ್ಲಿ ಹೊಸ ಆಟ ಬಂತೆಂದರೆ ಹೊಸ ಬಗೆಯ ಫಲಕವೂ ಬಂತು ಎನ್ನುವ ಹಾಗಿತ್ತು. ‘ಆಸ್ಟರಾಯ್ಡ್ಸ್’ಗೆ (1979) ಸ್ಟಿಕ್ಕೇ ಇಲ್ಲ, ಆಟವೆಲ್ಲ ಐದು ಗುಂಡಿಗಳ ಮೇಲೆ. ‘ಪ್ಯಾಕ್-ಮ್ಯಾನ್’ಗೆ (1980) ನಾಲ್ಕು ದಿಕ್ಕಿನ ಸ್ಟಿಕ್ ಒಂದೇ ಸಾಕಾಯಿತು. ‘ಮಿಸೈಲ್ ಕಮಾಂಡ್’ಗೆ (1980) ಟ್ರ್ಯಾಕ್‌ಬಾಲ್ ಮತ್ತು ಮೂರು ನೆಲೆಗಳಿಗೆ ಮೂರು ಗುಂಡಿ. ‘ಟೆಂಪೆಸ್ಟ್’ಗೆ (1981) ಕೊನೆಯಿಲ್ಲದೆ ಸುತ್ತುವ ಸ್ಪಿನ್ನರ್. ‘ಟ್ರಾನ್’ಗೆ (1982) ಕಪ್ಪು ಬೆಳಕಿನಲ್ಲಿ ಹೊಳೆಯುವ ನೀಲಿ ಹಿಡಿ. ಅಟಾರಿಯ ‘ಸ್ಟಾರ್ ವಾರ್ಸ್’ಗೆ (1983) ವಿಮಾನ ಚಾಲಕ ಹಿಡಿಯುವಂಥ ಯೋಕ್, ಅಮೆರಿಕದ ಸೇನೆಗೆಂದು ‘ಬ್ಯಾಟಲ್‌ಝೋನ್’ ಆಟವನ್ನು ಮಾರ್ಪಡಿಸಿ ಮಾಡಿದ ತರಬೇತಿ ಯಂತ್ರದಿಂದ ಅದು ಬಂದಿತ್ತು. ಇವುಗಳ ಪೈಕಿ ನನಗೆ ಅತಿ ಪ್ರಿಯವಾದದ್ದು ‘ರೋಬೊಟ್ರಾನ್: 2084’. ಕಾರು ಅಪಘಾತದಲ್ಲಿ ಬಲಗೈಗೆ ಪೆಟ್ಟಾಗಿದ್ದ ಯೂಜೀನ್ ಜಾರ್ವಿಸ್‌ಗೆ ಗುಂಡಿ ಒತ್ತುವುದು ಕಷ್ಟವಾಗಿತ್ತು. ಒಂದು ಸ್ಟಿಕ್ಕಿನಿಂದ ಓಡುವುದು, ಇನ್ನೊಂದರಿಂದ ಗುಂಡು ಹಾರಿಸುವುದು ಎಂಬ ಏರ್ಪಾಡು ಹೊಳೆದದ್ದು ಆಗ. ನೊಂದ ಕೈಯೊಂದರ ಅನುಕೂಲಕ್ಕೆ ಹುಟ್ಟಿದ ಆ ವಿನ್ಯಾಸ ಇಂದಿನ ಆಟಗಳಲ್ಲೂ ಜೀವಂತವಾಗಿದೆ.

ಆ ದಿನಗಳಲ್ಲಿ ಫಲಕ ರಿಪೇರಿ ಎಂದರೆ ಆಪರೇಟರನ ದಿನನಿತ್ಯದ ಕೆಲಸ. ಯಂತ್ರಗಳು ಅವನವು, ಅಂಗಡಿ ಬೇರೆಯವರದು, ಬಂದ ನಾಣ್ಯದಲ್ಲಿ ಇಬ್ಬರಿಗೂ ಪಾಲು. ಕೆಟ್ಟ ಯಂತ್ರ ಒಂದು ಸಂಜೆ ಸುಮ್ಮನೆ ನಿಂತರೂ ನಷ್ಟ. ಇಲಿನಾಯ್ ರಾಜ್ಯದ ವೈಕೊದಂಥ ಕಂಪನಿಗಳ ಕ್ಯಾಟಲಾಗ್ ನೋಡಿ ಸ್ಟಿಕ್ಕು, ಗುಂಡಿ ತರಿಸಿ, ಹೊಂದುವುದನ್ನು ಹಾಕಿ ಮುಂದಿನ ಅಂಗಡಿಗೆ ಹೊರಡುತ್ತಿದ್ದರು. ಮೂಲದ ಬಣ್ಣ, ಮೂಲದ ಆಕಾರ ಎಂಬ ಯೋಚನೆಗೆ ಅಲ್ಲಿ ಜಾಗವಿರಲಿಲ್ಲ. ಅದಕ್ಕಾಗಿ ಅವರನ್ನು ದೂರುವುದು ತಪ್ಪು. ಯಂತ್ರಗಳು ಇಷ್ಟು ಕಾಲ ಬದುಕಿದ್ದೇ ಅವರ ಕೈಯಿಂದ.

ಆಗಿನ ಗುಂಡಿಗಳ ಕೆಳಗಿದ್ದ ಲೀಫ್ ಸ್ವಿಚ್ಚನ್ನು ಹತ್ತಿರದಿಂದ ನೋಡಿದರೆ ಈ ಕೆಲಸದ ಸೂಕ್ಷ್ಮ ತಿಳಿಯುತ್ತದೆ. ಸ್ಪ್ರಿಂಗಿನಂತೆ ಬಾಗುವ ಎರಡು ಲೋಹದ ಪಟ್ಟಿಗಳು, ತುದಿಯಲ್ಲಿ ಒಂದಕ್ಕೊಂದು ಎದುರಾದ ಚುಕ್ಕಿಯಂಥ ಕಾಂಟ್ಯಾಕ್ಟುಗಳು. ಗುಂಡಿ ಒತ್ತಿದಾಗ ಒಂದು ಪಟ್ಟಿ ಬಾಗಿ ಇನ್ನೊಂದನ್ನು ಮುಟ್ಟುತ್ತದೆ. ಸದ್ದಿಲ್ಲ, ‘ಟಕ್’ ಎಂಬ ತಡೆಯಿಲ್ಲ. ನಡುವಿನ ಸಂದನ್ನು ಇಕ್ಕಳದಿಂದ ಕೂದಲೆಳೆಯಷ್ಟು ಕಿರಿದು ಮಾಡಿದರೂ ಗುಂಡಿ ಚುರುಕಾಗುತ್ತದೆ. ಪಿನ್‌ಬಾಲ್ ಯಂತ್ರದ ಫ್ಲಿಪ್ಪರಿಗೆ ಹರಿಯುವ ವಿದ್ಯುತ್ತು ಜೋರು, ಕಾಂಟ್ಯಾಕ್ಟುಗಳು ಟಂಗ್‌ಸ್ಟನ್ನಿನವು. ಅವನ್ನು ಅರದಿಂದ ಉಜ್ಜಬಹುದು. ವಿಡಿಯೋ ಆಟದ ಬೋರ್ಡಿನ ಸಂಕೇತ 5 ವೋಲ್ಟಿನದು, ಅಂಥ ಕಾಂಟ್ಯಾಕ್ಟುಗಳ ಮೇಲೆ ತೆಳುವಾದ ಚಿನ್ನದ ಲೇಪವಿರುತ್ತದೆ. ಪಿನ್‌ಬಾಲ್ ಅಭ್ಯಾಸದಲ್ಲಿ ಅದಕ್ಕೂ ಅರ ಹಾಕಿದರೆ ಚಿನ್ನ ಹೋಗಿ, ಒಳಗಿನ ಲೋಹ ಮಂಕು ಹಿಡಿದು, ಗುಂಡಿ ಆಗಾಗ ಕೈಕೊಡತೊಡಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ದಪ್ಪ ಕಾಗದದ ಚೂರನ್ನು ಎರಡು ಚುಕ್ಕಿಗಳ ನಡುವೆ ಇಟ್ಟು, ಮೆಲ್ಲಗೆ ಅದುಮಿ ಎಳೆದರೆ ಸಾಕು. ಕಾಗದದ ಮೇಲೆ ಕಪ್ಪು ಗೆರೆ ಮೂಡುವುದು ನಿಂತಾಗ ಸ್ವಿಚ್ ಶುದ್ಧವಾಯಿತೆಂದು ಲೆಕ್ಕ.

1983ರ ಹೊತ್ತಿಗೆ ಅಮೆರಿಕದಲ್ಲಿ ಆಟಗಳ ವ್ಯಾಪಾರ ಕುಸಿಯಿತು. ಹೊಸ ಯಂತ್ರ ಕೊಳ್ಳಲಾಗದ ಆಪರೇಟರುಗಳು ಹಳೆಯ ಪೆಟ್ಟಿಗೆಯಲ್ಲೇ ಹೊಸ ಆಟ ಕೂರಿಸುವ ಕನ್ವರ್ಶನ್ ಕಿಟ್‌ಗಳತ್ತ ಹೊರಳಿದರು. ಫಲಕಗಳಿಗೆ ದೊಡ್ಡ ಏಟು ಬಿದ್ದದ್ದು ಇಲ್ಲೇ. ಟ್ರ್ಯಾಕ್‌ಬಾಲ್ ಇದ್ದಲ್ಲಿ ತಗಡು ಮುಚ್ಚಿ ಸ್ಟಿಕ್ ಹಾಕಿದರು, ಬೇಕೆಂದಲ್ಲಿ ಹೊಸ ತೂತು ಕೊರೆದರು, ಮೂಲ ಚಿತ್ರದ ಮೇಲೆ ಇನ್ನೊಂದನ್ನು ಅಂಟಿಸಿದರು. 1985ರಲ್ಲಿ ಜಪಾನಿನ ತಯಾರಕರ ಸಂಘ ತಂದ ಜಾಮಾ ಎಂಬ ವೈರಿಂಗ್ ಪದ್ಧತಿ ಅದಲುಬದಲನ್ನು ಇನ್ನಷ್ಟು ಸುಲಭ ಮಾಡಿತು. 56 ಪಿನ್ನುಗಳ ಒಂದೇ ಕನೆಕ್ಟರಿನಿಂದ ಬೋರ್ಡು ಬದಲಿಸಬಹುದಾಯಿತು. ಲೀಫ್ ಸ್ವಿಚ್ಚಿನ ಜಾಗಕ್ಕೆ ಟಕ್ಕೆನ್ನುವ ಮೈಕ್ರೊಸ್ವಿಚ್ ಬಂತು. 1991ರ ‘ಸ್ಟ್ರೀಟ್ ಫೈಟರ್ 2’ ಗೆದ್ದ ಮೇಲೆ ಒಂದು ಸ್ಟಿಕ್, ಆರು ಗುಂಡಿ ಎಂಬ ಮಾದರಿ ಎಲ್ಲೆಡೆ ನೆಲೆಯೂರಿತು. ಆಪರೇಟರಿಗೆ ಇದರಿಂದ ಒಳ್ಳೆಯದೇ ಆಯಿತು. ಆದರೆ ಆಟಕ್ಕೊಂದು ಫಲಕ ಎಂಬ ಆ ಸಮೃದ್ಧಿ ಅಲ್ಲಿಗೆ ಮುಗಿಯಿತು.

1997ರ ಫೆಬ್ರವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಮೇಮ್ ಎಂಬ ತಂತ್ರಾಂಶದ ಮೊದಲ ಆವೃತ್ತಿ ಬಿಟ್ಟರು. ಹಳೆಯ ಆಟಗಳು ಮನೆಯ ಕಂಪ್ಯೂಟರಿನಲ್ಲೇ ಓಡತೊಡಗಿದವು. ಆಟವನ್ನು ಉಳಿಸಿದ ಈ ತಂತ್ರಾಂಶವೇ ಎಷ್ಟೋ ಮೂಲ ಪೆಟ್ಟಿಗೆಗಳ ಒಡಲು ಬರಿದಾಗಲೂ ಕಾರಣವಾಯಿತು. ಯಂತ್ರದ ಕರುಳು ಕಿತ್ತು ಕಂಪ್ಯೂಟರ್ ತುಂಬಿ, ಎಲ್ಲ ಆಟಕ್ಕೂ ಆಗಲಿ ಎಂದು ಟ್ರ್ಯಾಕ್‌ಬಾಲ್, ಸ್ಪಿನ್ನರ್, ಹತ್ತಾರು ಗುಂಡಿಗಳನ್ನು ಒಟ್ಟಿಗೆ ಹೇರಿದ ಅಗಲ ಫಲಕಗಳನ್ನು ಕೂರಿಸಿದರು. ಇನ್ನೊಂದೆಡೆ, ಸದ್ದಿಲ್ಲದ ಲೀಫ್ ಗುಂಡಿಗೂ ಕೀಬೋರ್ಡಿಗೂ ಎಷ್ಟು ಅಂತರವಿದೆ ಎಂದು ಸಾವಿರಾರು ಜನರಿಗೆ ತಿಳಿದದ್ದೂ ಮೇಮ್‌ನಿಂದಲೇ. ಮೂಲ ಯಂತ್ರವನ್ನು ಮೂಲದಂತೆಯೇ ಬಯಸುವವರ ಸಂಖ್ಯೆ ಬೆಳೆಯುತ್ತ ಹೋಯಿತು.

ಅವರ ಮೊದಲ ಗಮನ ಹೋದದ್ದು ಚಿತ್ರದ ಹಾಳೆ, ಅಂದರೆ ಓವರ್‌ಲೇ ಕಡೆಗೆ. ಹರಿದ ಓವರ್‌ಲೇ ಕೀಳುವ ಮೊದಲೇ ಅದನ್ನು ಸ್ಕ್ಯಾನ್ ಮಾಡಬೇಕು. ಸಾಮಾನ್ಯ ಸ್ಕ್ಯಾನರಿಗೆ ಹಿಡಿಸದಿದ್ದರೆ ತುಂಡುತುಂಡಾಗಿ ಸ್ಕ್ಯಾನ್ ಮಾಡಿ ಜೋಡಿಸಿ, ಪ್ರತಿ ಗೆರೆಯನ್ನೂ ಕಂಪ್ಯೂಟರಿನಲ್ಲಿ ಮತ್ತೆ ಬರೆಯಬೇಕು. ಆಮೇಲೆ ಹೀಟ್ ಗನ್ನಿನ ಬಿಸಿಗೆ ಒಂದು ಮೂಲೆ ಎಬ್ಬಿಸಿ, ಪ್ಲಾಸ್ಟಿಕ್ ಕೆರೆಯುಳಿಯಿಂದ ಇಂಚಿಂಚಾಗಿ ಬಿಡಿಸಿಕೊಳ್ಳುತ್ತಾರೆ. ಅವಸರಪಟ್ಟರೆ ಹಾಳೆ ಸೀಳಿ ಅರ್ಧ ಅಲ್ಲೇ ಉಳಿಯುತ್ತದೆ. ಕೆಳಗಿನ ತಗಡಿನ ತುಕ್ಕು ತೆಗೆದು, ಕನ್ವರ್ಶನ್ ಕಾಲದ ತೂತುಗಳನ್ನು ವೆಲ್ಡ್ ಮಾಡಿ ಮುಚ್ಚಿ, ಪುಟ್ಟಿ ಹಚ್ಚಿ ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಬಳಿದ ಮೇಲಷ್ಟೇ ಹೊಸ ಹಾಳೆ. ಆ ಹಾಳೆಯಲ್ಲೂ ತರತಮವಿದೆ. ಪಾಲಿಕಾರ್ಬೊನೇಟಿನ ಹಿಂಬದಿಗೆ ಒಂದೊಂದೇ ಬಣ್ಣವಾಗಿ ಸ್ಕ್ರೀನ್ ಪ್ರಿಂಟ್ ಮಾಡಿದರೆ ಕೈ ತಾಗುವುದು ಪ್ಲಾಸ್ಟಿಕ್ಕಿಗೆ, ಬಣ್ಣ ಕೆಳಗೆ ಸುರಕ್ಷಿತ. ಅಗ್ಗದ ಡಿಜಿಟಲ್ ಮುದ್ರಣದಲ್ಲಿ ಗಟ್ಟಿ ಬಣ್ಣಗಳು ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುತ್ತವೆ.

ಚಿತ್ರ ಸರಿಯಾಯಿತೆಂದರೆ ಫಲಕ ಸರಿಯಾದಂತಲ್ಲ ಎಂಬುದಕ್ಕೆ ಪ್ಯಾಕ್-ಮ್ಯಾನ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಅದರ ದಾರಿಗಳು ನಾಲ್ಕೇ ದಿಕ್ಕಿನವು. ಸುಲಭವಾಗಿ ಸಿಗುತ್ತದೆಂದು ಎಂಟು ದಿಕ್ಕಿನ ಸ್ಟಿಕ್ ಹಾಕಿದರೆ, ತಿರುವಿನಲ್ಲಿ ಕೈ ಕೊಂಚ ಓರೆಯಾದರೂ ಎರಡು ಸ್ವಿಚ್ಚುಗಳು ಒಟ್ಟಿಗೆ ಮುಚ್ಚಿಕೊಳ್ಳುತ್ತವೆ. ಆಟಕ್ಕೆ ಗೊಂದಲವಾಗುತ್ತದೆ, ಭೂತ ಬಂದು ಹಿಡಿಯುತ್ತದೆ. ಫಲಕ ಎಷ್ಟೇ ಮಿನುಗಿದರೂ ಅದು ಪ್ಯಾಕ್-ಮ್ಯಾನ್ ಆಗುವುದಿಲ್ಲ. ವೀಣೆಗೆ ಮೇಳ ಕಟ್ಟುವವರು ಮೇಣವನ್ನೂ ಮೆಟ್ಟಿಲುಗಳನ್ನೂ ಕೂರಿಸುವುದು ನುಡಿಸುವ ಬೆರಳನ್ನು ನೆನೆದು. ಇಲ್ಲಿಯೂ ಅದೇ ನಿಷ್ಠೆ ಬೇಕು. ಒಳ್ಳೆಯ ಕೆಲಸಗಾರರು ಈಗ ಟ್ರ್ಯಾಕ್‌ಬಾಲಿನ ಬೇರಿಂಗುಗಳಲ್ಲಿ ಗಟ್ಟಿಯಾದ ಗ್ರೀಸ್ ತೊಳೆದು, ತೆಳು ಎಣ್ಣೆ ಬಿಟ್ಟು, ಚೆಂಡು ಎಷ್ಟು ಹೊತ್ತು ತಾನಾಗಿ ಉರುಳುತ್ತದೆಂದು ನೋಡುತ್ತಾರೆ. ತಯಾರಾಗುವುದೇ ನಿಂತುಹೋದ ಸಣ್ಣ ಭಾಗಗಳನ್ನು 3ಡಿ ಪ್ರಿಂಟರಿನಲ್ಲಿ ಮಾಡಿಕೊಳ್ಳುತ್ತಾರೆ.

ಇತ್ತೀಚಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಅನೇಕ ಹಳೆಯ ಪ್ಯಾಕ್-ಮ್ಯಾನ್ ಯಂತ್ರಗಳಲ್ಲಿ ಸ್ಟಿಕ್ಕಿನ ಎಡಕ್ಕೆ ಬಣ್ಣ ಸವೆದಿದೆ. ಬಲಗೈ ಆಡುತ್ತಿದ್ದಾಗ ಎಡಗೈ ಅಲ್ಲಿ ಊರಿ ಹಿಡಿಯುತ್ತಿತ್ತು. ಆಟ ಹೇಗೆ ಆಡಲ್ಪಟ್ಟಿತೆಂಬುದಕ್ಕೆ ಅದೊಂದು ದಾಖಲೆ. ಅದನ್ನು ಉಜ್ಜಿ ಅಳಿಸಬೇಕೆ? ರೋಚೆಸ್ಟರಿನ ದಿ ಸ್ಟ್ರಾಂಗ್‌ನಂಥ ವಸ್ತುಸಂಗ್ರಹಾಲಯಗಳಿಗೆ, ಯಂತ್ರಗಳನ್ನು ಆಡಲೆಂದೇ ಇಟ್ಟಿರುವ ನ್ಯೂ ಹ್ಯಾಂಪ್‌ಶೈರಿನ ಫನ್‌ಸ್ಪಾಟ್‌ನ ಆರ್ಕೇಡ್ ಮ್ಯೂಸಿಯಮ್ಮಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮುಟ್ಟದಿದ್ದರೆ ಆಟ ಸಾಯುತ್ತದೆ, ಮುಟ್ಟಿದರೆ ಫಲಕ ಸವೆಯುತ್ತದೆ. ಮೂಲ ಫಲಕವನ್ನು ಸವೆತದ ಸಮೇತ ಬಿಚ್ಚಿಟ್ಟು, ನಕಲಿನ ಮೇಲೆ ಆಡಲು ಬಿಡುವ ದಾರಿ ನನಗೆ ಸರಿ ಕಾಣುತ್ತದೆ. ಮುಂದೆ ಯಾರಾದರೂ ಹಿಂತೆಗೆಯಬಹುದಾದ ಬದಲಾವಣೆಯನ್ನಷ್ಟೇ ಮಾಡುವುದು ಇದರ ತಿರುಳು. ವೆಲ್ಡಿಂಗ್ ಆ ಸಾಲಿಗೆ ಸೇರುವುದಿಲ್ಲ. ಆದ್ದರಿಂದ ಅಪರೂಪದ ಫಲಕವಾದರೆ ಅದರ ತೂತುಗಳನ್ನೂ ಹಾಗೇ ಬಿಡುವುದು ಲೇಸು.

ಚಿತ್ರಗಳ ಸ್ಕ್ಯಾನ್ ಈಗ ಬೇಕಾದಷ್ಟಿವೆ. ಅದೇ ಶ್ರದ್ಧೆಯಿಂದ ಸ್ಪ್ರಿಂಗಿನ ಬಿಗುವು, ಲೀಫ್ ಸ್ವಿಚ್ಚಿನ ಸಂದು, ಸ್ಪಿನ್ನರಿನ ತೂಕವನ್ನು ಅಳೆದು ಬರೆದಿಡಬೇಕಾಗಿದೆ. ಸವೆಯದ ಫಲಕಗಳು ಕಡಿಮೆಯಾಗುತ್ತಿವೆ. ಹೊಸದಿದ್ದಾಗ ಅವು ಕೈಗೆ ಹೇಗಿದ್ದವೆಂದು ಹೇಳಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಟೆಡ್ ಡಾಬ್ನಿ 2018ರಲ್ಲಿ ತೀರಿಕೊಂಡರು.